ಹೆಂಗಸರ ಕಡೆಯ ಕ್ಯಾಮೆರಾ

ಶಿವಾಜಿನಗರ, ಬೆಂಗಳೂರು
೧೮ ನವೆಂಬರ್ ೨೦೨೫

ಪ್ರೀತಿಯ ಅಲಿಯಾ ಆಪಾ,

ಅಸ್ಸಲಾಮು ಅಲೈಕುಂ. ನಿನ್ನ ಹಲ್ಲುನೋವು ಇಳಿಯಿತೇ? ಕೀಳಿಸಬೇಕು ಎಂದು ಡಾಕ್ಟರು ಹೇಳಿದ್ದರೆ ಕೀಳಿಸಿಬಿಡು, ಲವಂಗ ಇಟ್ಟುಕೊಂಡು ಇನ್ನೊಂದು ತಿಂಗಳು ತಳ್ಳಬೇಡ. ದೂಲ್ಹಾಭಾಯ್ ಅವರಿಗೆ ನಿನ್ನನ್ನು ಬಿಟ್ಟು ಹೋಗದೆ ಹೈದರಾಬಾದಿನಲ್ಲೇ ಇರುವ ಹಾಗೆ ಕೆಲಸ ಬದಲಾಯಿತೆಂದು ಅಬ್ಬಾ ಹೇಳಿದರು, ಸಂತೋಷವಾಯಿತು. ಇಲ್ಲಿ ಎಲ್ಲರೂ ಆರೋಗ್ಯ. ಅಮ್ಮಿಯ ಮಂಡಿ ಹಾಗೇ ಇದೆ, ಮೆಟ್ಟಿಲು ಹತ್ತುವಾಗ ಮಾತ್ರ ಎಲ್ಲರಿಗೂ ಕೇಳಿಸುವಂತೆ ನೋಯುತ್ತದೆ. ಅಬ್ಬಾ ಅಂಗಡಿಗೆ ಹೊಸ ಬಗೆಯ ಗುಂಡಿಗಳನ್ನು ತರಿಸಿದ್ದಾರೆ, ಯಾರೂ ಕೊಳ್ಳುತ್ತಿಲ್ಲ, ಅವರು ಅದನ್ನು ಒಪ್ಪುತ್ತಿಲ್ಲ. ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆಯುತ್ತಾಳೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ಕ್ಯಾಮೆರಾ ಎಂಬ ಮಾತು ಬಂದ ಕೂಡಲೇ ನಿಮ್ಮ ಮನೆಯಲ್ಲಿ ಸಿಗ್ನಲ್ ಹೋಗುತ್ತದೆ. ಕಾಗದವನ್ನು ಓದಬೇಕೆನಿಸುವ ತನಕ ಓದುತ್ತೀಯ, ಬೇಸರವಾದರೆ ಮಡಚಿಡುತ್ತೀಯ, ಆಮೇಲೆ ಮತ್ತೆ ತೆಗೆಯುತ್ತೀಯ. ನಮ್ಮಿಬ್ಬರಿಗೂ ತಡವರಿಸದೆ ಬರೆಯಲು ಬರುವುದು ಸ್ಕೂಲಿನ ಕನ್ನಡ ಒಂದೇ ಆದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೋಗೆ ನಾವಿಬ್ಬರೂ ಬಳಸುತ್ತಿದ್ದ ಕ್ಯಾಮೆರಾ ರಂಜಾನ್ ಆದಮೇಲೆ ಕೈಕೊಟ್ಟಿತು. ಹಲಸೂರಿನಲ್ಲಿ ಒಂದು ಮದುವೆಯ ಮಧ್ಯೆ ಶಟರ್ ತೆರೆದದ್ದು ಮುಚ್ಚಲೇ ಇಲ್ಲ. ಉಳಿದದ್ದನ್ನು ಬಾಡಿಗೆ ಕ್ಯಾಮೆರಾ ತರಿಸಿ ಮುಗಿಸಿದೆ. ರಿಪೇರಿಯವನು ಬಿಚ್ಚಿ ನೋಡಿ ತಲೆಯಾಡಿಸಿದ. ಇನ್ನೊಂದು ತೆಗೆದುಕೊಳ್ಳಲೇಬೇಕಾಯಿತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ವಸಂತ್ ಎನ್ನುವವರು ಹಳೆಯ ಕ್ಯಾಮೆರಾಗಳನ್ನು ಮಾರುತ್ತಾರೆ, ಅಲ್ಲಿಗೆ ಅಮ್ಮಿಯನ್ನೂ ಕರೆದುಕೊಂಡು ಹೋದೆ. ಅವರು ಮೊದಲು ಕೈಗೆ ಕೊಟ್ಟದ್ದು ಪುಟ್ಟದೊಂದು ಕ್ಯಾಮೆರಾ, ನೋಡಲು ಚೆಂದ, ನನ್ನ ಬ್ಯಾಗಿನ ಸಣ್ಣ ಜೇಬಿಗೂ ಹಿಡಿಯುತ್ತಿತ್ತು. "ಈಗೆಲ್ಲಾ ಇದನ್ನೇ ತಗೊಳ್ತಾರೆ ಮೇಡಂ, ಇಡೀ ದಿನ ಹಿಡಿದ್ರೂ ಕೈ ನೋಯಲ್ಲ" ಎಂದರು. ಎಷ್ಟು ಮೆಮೊರಿ ಕಾರ್ಡ್ ಹಾಕಬಹುದು ಎಂದು ಕೇಳಿದೆ. "ಒಂದು. ಒಂದು ಸಾಕಲ್ವಾ?" ಸಾಲದು ಎಂದೆ. ಮದುವೆ ಎರಡನೇ ಸಲ ನಡೆಯುವುದಿಲ್ಲ, ಒಂದು ಕಾರ್ಡ್ ಕೆಟ್ಟರೆ ಅದೇ ಫೋಟೋ ಇನ್ನೊಂದರಲ್ಲೂ ಇರಬೇಕು. ಕೊನೆಗೆ ಆರಿಸಿದ್ದು ಅದಕ್ಕಿಂತ ಹಳೆಯ, ಅದಕ್ಕಿಂತ ಭಾರದ ಒಂದನ್ನು. ಎರಡು ಕಾರ್ಡಿಗೆ ಜಾಗವಿದೆ, ಮಂದ ಬೆಳಕಿನಲ್ಲೂ ಚರ್ಮದ ಬಣ್ಣ ಮಣ್ಣಾಗುವುದಿಲ್ಲ, ಸದ್ದಿಲ್ಲದೆ ತೆಗೆಯುತ್ತದೆ. ಹಳೆಯದು ಕಟಕ್ ಎಂದಾಗಲೆಲ್ಲ ಹೆಂಗಸರು ದುಪಟ್ಟಾ ಎಳೆದುಕೊಳ್ಳುತ್ತಿದ್ದುದು ನಿನಗೆ ನೆನಪಿರಬೇಕು. ಅಮ್ಮಿ ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದು, ಮೊಟ್ಟೆ ಪರೀಕ್ಷಿಸುವಂತೆ ತಿರುಗಿಸಿ ನೋಡಿ, ಒಳಗೆ ಬಿರುಕಿದೆ ಎಂದರು. ವಸಂತ್ ಗಾಬರಿಯಾಗಿ ಕಿತ್ತುಕೊಂಡು ಒರೆಸಿದರು. ಅಮ್ಮಿಯದೇ ಬೆರಳಿನ ಗುರುತು. ಆದರೂ ಅಮ್ಮಿ ಆಟೋದಲ್ಲಿ ಮನೆಗೆ ಬರುವವರೆಗೂ "ನಾನು ನೋಡಿದ್ದಕ್ಕೆ ಒಳ್ಳೇದು ಕೊಟ್ಟ" ಎನ್ನುತ್ತಿದ್ದರು.

ನೀನು ಹೋದಮೇಲೆ ಲೈಟ್ ಹಿಡಿಯಲು ನನಗೊಬ್ಬರು ಬೇಕಾಗಿತ್ತು. ಈಗ ಜಟ್ಟೆಮ್ಮ ಬರುತ್ತಾರೆ, ನೀನು ಅವರನ್ನು ನೋಡಿಲ್ಲ. ಜೇವರ್ಗಿ ಕಡೆಯವರು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆಯಲ್ಲಿ ಗಂಡನೊಂದಿಗೆ ಇದ್ದಾರೆ, ಮೊದಲು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನಿಲ್ಲು ಎಂದಲ್ಲಿ ನಿಲ್ಲುತ್ತಾರೆ, ಕೈ ಅಲುಗುವುದಿಲ್ಲ, ಊಟ ಮಾತ್ರ ಹೊತ್ತಿಗೆ ಸರಿಯಾಗಿ ಆಗಬೇಕು. ಬಿರಿಯಾನಿಯ ಮನೆಗಳಲ್ಲಿ ಅವರಿಗೆಂದು ನಾನು ರೊಟ್ಟಿ ಕಟ್ಟಿಕೊಂಡು ಹೋಗುತ್ತೇನೆ. ಅವರು ಬಂದು ಸ್ವಲ್ಪ ದಿನಕ್ಕೆ ಕಲಬುರಗಿಯಿಂದ ಒಂದು ಮದುವೆ ಸಿಕ್ಕಿತು. ಊರಿಗೆ ಹತ್ತಿರ ಎಂದು ಅವರು ನನಗಿಂತ ಮೊದಲೇ ಒಪ್ಪಿಕೊಂಡರು.

ಸಾಮಾನು ಕಟ್ಟುವುದೇ ಒಂದು ಕೆಲಸ. ಕ್ಯಾಮೆರಾ ಬ್ಯಾಗ್ ಎಂದು ಬರೆದಿರುವ ಬ್ಯಾಗನ್ನು ರೈಲಿನಲ್ಲಿ ಒಯ್ಯುವುದು ಕಳ್ಳನಿಗೆ ಚೀಟಿ ಅಂಟಿಸಿ ಕೊಟ್ಟ ಹಾಗೆ, ಆದ್ದರಿಂದ ಸೈಫ್‌ನ ಹಳೆಯ ಕಾಲೇಜು ಬ್ಯಾಗಿನೊಳಗೆ ಸ್ಪಂಜು ಹೊಲಿಸಿಕೊಂಡಿದ್ದೇನೆ. ತಮ್ಮನಿಗೆ ಅದು ಕಾಣೆಯಾದದ್ದು ಇನ್ನೂ ಗೊತ್ತಾಗಿಲ್ಲ. ದೊಡ್ಡ ಲೆನ್ಸ್ ಒಂದು ದುಪಟ್ಟಾದಲ್ಲಿ, ಬ್ಯಾಟರಿಗಳ ತುದಿಗೆ ಟೇಪು, ಖಾಲಿ ಕಾರ್ಡುಗಳು ಡಬ್ಬಿಯಲ್ಲಿ ಮುಖ ಮೇಲಾಗಿ, ತುಂಬಿದವು ಮುಖ ಕೆಳಗಾಗಿ. ಈ ಕೊನೆಯದು ನೀನೇ ಕಲಿಸಿದ್ದು. ಲೈಟಿನ ಸ್ಟ್ಯಾಂಡುಗಳನ್ನು ಜಟ್ಟೆಮ್ಮ ಚಾದರದಲ್ಲಿ ಸುತ್ತಿ ಹೆಗಲಿಗೇರಿಸಿದ್ದರು. ಬೈಯಪ್ಪನಹಳ್ಳಿಯ ಟರ್ಮಿನಲ್‌ನಲ್ಲಿ ರೈಲು ಹತ್ತಿದಾಗ ಟಿಕೆಟ್ ನೋಡುವವರು ಅದನ್ನು ಬೆರಳಿನಿಂದ ತಟ್ಟಿ "ಏನಮ್ಮಾ ಇದು, ಬಂದೂಕಾ?" ಎಂದರು. "ದೀಪದ ಕಂಬ ಅದಾವ್ರಿ ಸಾಹೇಬ್ರ, ಲಗ್ನಕ ಹೊಂಟೀವಿ" ಎಂದರು ಜಟ್ಟೆಮ್ಮ. ಅವರು ನಕ್ಕು ಮುಂದೆ ಹೋದರು. ನಾನು ಬ್ಯಾಗಿನ ಪಟ್ಟಿಯನ್ನು ತೋಳಿಗೆ ಸುತ್ತಿಕೊಂಡು ಅದನ್ನೇ ದಿಂಬು ಮಾಡಿಕೊಂಡೆ. ಲೆನ್ಸ್ ಕಿವಿಗೆ ಒತ್ತುತ್ತಿತ್ತು.

ಮದುವೆಯ ಮನೆ ದೊಡ್ಡದು. ಮದುಮಗಳ ತಾಯಿ ರಫಿಯಾ ಬೇಗಂ, ಗಂಡ ತೀರಿಕೊಂಡು ವರ್ಷಗಳಾಗಿವೆ. ಓಡಾಟವೆಲ್ಲ ಅವರ ಮೈದುನ, ಮದುಮಗಳ ಚಾಚಾ ಅವರದು, ನನ್ನನ್ನು ಫೋನ್ ಮಾಡಿ ಕರೆಸಿದ್ದೂ ಅವರೇ. ಕೆಟ್ಟವರಲ್ಲ. ಬಂದ ದಿನ ನಮಗೆ ಬಿಸಿನೀರು ಬಂತೇ ಎಂದು ಅವರೇ ವಿಚಾರಿಸಿದರು. ಹೆಂಗಸರ ಕಡೆಯ ಹಾಲ್‌ನಲ್ಲಿ ಕೆಲಸ ಶುರು ಮಾಡುವ ಮೊದಲು ನಾನು ಈಗ ಎಲ್ಲ ಕಡೆ ಹೇಳುವ ಮಾತನ್ನು ಅಲ್ಲಿಯೂ ಗಟ್ಟಿಯಾಗಿ ಹೇಳಿದೆ. ಇಲ್ಲಿ ತೆಗೆದ ಫೋಟೋಗಳು ನನ್ನ ಕೈಯಿಂದ ಮದುಮಗಳ ತಾಯಿಯ ಕೈಗೆ ಹೋಗುತ್ತವೆ, ನಡುವೆ ಇನ್ನೊಂದು ಕೈ ಇಲ್ಲ, ಬೇಡ ಎಂದವರದು ಅಳಿಸುತ್ತೇನೆ. ಈ ಮಾತು ಹೇಳುವ ಅಭ್ಯಾಸ ಯಾವಾಗಿನಿಂದ ಎಂದು ನಿನಗೆ ಗೊತ್ತು.

ಗೊತ್ತಿದ್ದರೂ ಬರೆಯುತ್ತೇನೆ, ಯಾಕೆಂದರೆ ನಾವಿಬ್ಬರೂ ಇದನ್ನು ಪೂರ್ತಿಯಾಗಿ ಒಮ್ಮೆಯೂ ಆಡಿಲ್ಲ. ಎರಡು ವರ್ಷದ ಹಿಂದೆ ಫ್ರೇಜರ್ ಟೌನಿನ ಮೆಹಂದಿಯಲ್ಲಿ ನೀನು ತೆಗೆದ ಫೋಟೋ ಅದು, ಮದುಮಗಳ ಗೆಳತಿ ಕೂದಲು ಬಿಟ್ಟುಕೊಂಡು ಕುಣಿಯುತ್ತಿದ್ದದ್ದು. ಪೆನ್ ಡ್ರೈವನ್ನು ನಾವು ಮನೆಯವರಿಗೆ ಕೊಟ್ಟೆವು, ಆ ಮನೆಯ ಹುಡುಗನೊಬ್ಬ ತನ್ನ ಫೋನಿಗೆ ಹಾಕಿಕೊಂಡ, ಅಲ್ಲಿಂದ ಅದು ಊರೆಲ್ಲ ಸುತ್ತಿತು. ಆ ಹುಡುಗಿ ಕಾಲೇಜು ಬಿಟ್ಟಳು. ಬಿಡುವ ಮೊದಲು ನಿನಗೊಮ್ಮೆ ಫೋನ್ ಮಾಡಿ "ನೀವಾ ಕೊಟ್ಟಿದ್ದು?" ಎಂದು ಕೇಳಿದಳು. ಅಲ್ಲ ಎಂದು ನೀನು ಹೇಳಿದೆ. ಅವಳು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ನೀನು ಕ್ಯಾಮೆರಾ ಮುಟ್ಟಲಿಲ್ಲ. ಹೈದರಾಬಾದಿನ ಸಂಬಂಧ ಬಂದಾಗ ಯಾರನ್ನೂ ಏನನ್ನೂ ಕೇಳದೆ ಹೂಂ ಎಂದೆ. ಆ ಹುಡುಗನನ್ನು ಯಾರೂ ಏನೂ ಕೇಳಲಿಲ್ಲ. ಹೋದ ವಾರ ಅವನನ್ನು ರಸೆಲ್ ಮಾರ್ಕೆಟ್ ಹತ್ತಿರ ನೋಡಿದೆ, ಹಣ್ಣು ಕೊಳ್ಳುತ್ತಿದ್ದ, ಚೆನ್ನಾಗಿದ್ದಾನೆ.

ಕಲಬುರಗಿಗೆ ಮರಳುತ್ತೇನೆ. ನಿಕಾಹ್ ಮುಗಿದಿತ್ತು. ಮರುದಿನದ ವಲೀಮಾ ಔತಣದ ಕೆಲಸವೂ ನನ್ನದೇ ಎಂದು ಮಾತಾಗಿತ್ತು. ನಾನು ಹೆಂಗಸರ ಹಾಲ್‌ನ ಹೊರಗಿನ ಮೊಗಸಾಲೆಯಲ್ಲಿ ಬ್ಯಾಟರಿ ಬದಲಿಸುತ್ತಿದ್ದೆ. ಚಾಚಾ ಬಂದರು, ಜೊತೆಗೆ ಲ್ಯಾಪ್‌ಟಾಪ್ ಹಿಡಿದ ಅವರ ಮಗ. "ಬೇಟೀ, ಕಾರ್ಡ್ ಕೊಡು. ಹುಡುಗನ ಕಡೆಯವರು ದುಬೈನಲ್ಲಿ ಕಾಯ್ತಾ ಇದ್ದಾರೆ, ದುಲ್ಹನ್‌ನ ಈಗಲೇ ನೋಡಬೇಕಂತೆ. ಇವನು ಆರಿಸಿ ಕಳಿಸ್ತಾನೆ" ಎಂದರು. ಮದುಮಗಳ ತಾಯಿಗೆ ಕೊಡುತ್ತೇನೆ, ಅವರು ಆರಿಸಿ ಹೇಳಿದ್ದನ್ನು ನಾನೇ ಕಳಿಸುತ್ತೇನೆ ಎಂದೆ. "ಅವರಿಗೆ ಅಷ್ಟೆಲ್ಲಾ ಎಲ್ಲಿ ತಿಳಿಯುತ್ತೆ? ನಿನ್ನ ಕರೆಸಿದ್ದು ನಾನಲ್ವಾ?" ಎಂದರು. ಹೌದು ಎಂದೆ. ಆದರೂ ಕೊಡಲಿಲ್ಲ. ಆಗ ಅವರ ಮುಖ ಬದಲಾಯಿತು. "ನಮ್ಮನೆ ಹುಡುಗನ್ನೇ ಕಳ್ಳ ಅಂತೀಯಾ?" ಎಂದು ದನಿ ಎತ್ತರಿಸಿದರು. ನಾನು ಹಾಗೆ ಅಂದಿರಲಿಲ್ಲ. ಪರದೆಯ ಹಿಂದೆ ಹಾಡು ನಿಂತಿತು. ಒಳಗಿದ್ದ ಹೆಂಗಸರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಆ ಮೌನದಿಂದಲೇ ತಿಳಿಯಿತು.

ಆಪಾ, ಧೈರ್ಯವಾಗಿ ನಿಂತೆ ಎಂದು ಬರೆದರೆ ಸುಳ್ಳಾಗುತ್ತದೆ. ಕ್ಯಾಮೆರಾವನ್ನು ಬುರ್ಖಾದೊಳಗೆ ಎಳೆದುಕೊಂಡು ಗೋಡೆಗೆ ಒತ್ತಿ ನಿಂತೆ ಅಷ್ಟೇ. ಜಟ್ಟೆಮ್ಮ ಮಾತ್ರ ಕ್ಯಾಮೆರಾ ಬ್ಯಾಗಿನ ಮೇಲೆ ಹೋಗಿ ಕುಳಿತುಬಿಟ್ಟರು. "ಕೊಡಬ್ಯಾಡ ಬಿಡವ್ವಾ. ನಾ ಇಲ್ಲೇ ಕುಂತೀನಿ" ಎಂದರು. ಕುಳಿತದ್ದು ಲೆನ್ಸ್ ಇದ್ದ ಕಡೆಗೆ, ನನಗೆ ಆ ಚಿಂತೆ ಬೇರೆ. ಅಷ್ಟರಲ್ಲಿ ಪರದೆ ಸರಿಸಿ ರಫಿಯಾ ಬೇಗಂ ಬಂದರು. ಮೈದುನನನ್ನಾಗಲಿ ಅವರ ಮಗನನ್ನಾಗಲಿ ನೋಡದೆ, ನನ್ನೆದುರು ಅಂಗೈ ಚಾಚಿ, "ನನ್ನ ಕೈಗೆ ಕೊಡ್ತೀನಿ ಅಂತ ತಾನೇ ಹೇಳಿದ್ದು? ಕೊಡು" ಎಂದರು.

ನಾನು ಕಾರ್ಡ್ ತೆಗೆದು ಅವರ ಅಂಗೈಯಲ್ಲಿಟ್ಟೆ. ಒಳಗೆ ಇನ್ನೊಂದು ಕಾರ್ಡ್ ಇದೆ, ಅದರಲ್ಲೂ ಇವೇ ಫೋಟೋಗಳಿವೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕ್ಯಾಮೆರಾದ ಮುಚ್ಚಳ ಹಾಕಿಬಿಟ್ಟಿದ್ದರೆ ನನ್ನ ಎರಡು ದಿನದ ಕೆಲಸ ನನ್ನ ಹತ್ತಿರ ಉಳಿಯುತ್ತಿತ್ತು. ಸ್ವಲ್ಪ ಹೊತ್ತು ಯೋಚಿಸಿದೆ ಕೂಡ. ಆಮೇಲೆ ಅದನ್ನೂ ತೆಗೆದು ಮೊದಲಿನದರ ಪಕ್ಕದಲ್ಲಿಟ್ಟು, ಎರಡರಲ್ಲೂ ಒಂದೇ ಇದೆ, ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ಒಂದನ್ನು ಸೊಂಟದ ಬಟುವಿಗೆ ಹಾಕಿಕೊಂಡರು. ಇನ್ನೊಂದನ್ನು ಕಂಕುಳಲ್ಲಿದ್ದ ತಮ್ಮ ಎಲೆಯಡಿಕೆಯ ಪಾನ್‌ದಾನ್ ತೆರೆದು ಅದರೊಳಗೆ, ಸುಣ್ಣದ ಪಕ್ಕದಲ್ಲಿ ಇಟ್ಟು ಮುಚ್ಚಿದರು. ಆ ಗಳಿಗೆಯಲ್ಲಿ ನನಗೆ ಮಾನ ಮರ್ಯಾದೆ ಯಾವುದೂ ಹೊಳೆಯಲಿಲ್ಲ. ಕಾರ್ಡಿನ ಚಿನ್ನದ ಬಣ್ಣದ ಗೆರೆಗಳಿಗೆ ಸುಣ್ಣ ತಗುಲಿದರೆ ಏನು ಗತಿ ಎಂಬುದೊಂದೇ ಹೊಳೆಯಿತು.

"ಹಾಗಾದ್ರೆ ನಾಳೆ ನಿನ್ನ ಕೆಲಸ ಬೇಡ" ಎಂದರು ಚಾಚಾ. ನಾವು ಸಾಮಾನು ಕಟ್ಟಿದೆವು. ಜಟ್ಟೆಮ್ಮ ನನ್ನನ್ನು ತಮ್ಮೂರಿಗೆ ಕರೆದುಕೊಂಡು ಹೋದರು. ಅವರ ಅತ್ತಿಗೆ ಜೋಳದ ರೊಟ್ಟಿ, ಪುಂಡಿ ಪಲ್ಯ ಹಾಕಿದರು. ನಾನು ಅವರ ಮನೆಯವರ ಫೋಟೋ ತೆಗೆಯಲು ಹೊರಟರೆ ಕ್ಯಾಮೆರಾದಲ್ಲಿ ಕಾರ್ಡೇ ಇರಲಿಲ್ಲ, ಡಬ್ಬಿಯಿಂದ ಖಾಲಿ ಕಾರ್ಡ್ ಹುಡುಕಿ ಹಾಕಿದೆ. ಮರಳಿ ಬರುವಾಗ ಬ್ಯಾಗನ್ನು ತಲೆಯಡಿ ಇಟ್ಟುಕೊಳ್ಳಲಿಲ್ಲ, ಸೀಟಿನ ಕೆಳಗೆ ತಳ್ಳಿ ಮಲಗಿದೆ. ಮನೆಯಲ್ಲಿ ಫೋಟೋ ಎಲ್ಲಿ ಎಂದು ಅಮ್ಮಿ ಕೇಳಿದಾಗ ಹೇಳಿದೆ. ಅಮ್ಮಿ "ಎರಡೂ ಕೊಟ್ಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋದರು. ಆ ದಿನ ಊಟಕ್ಕೆ ಖೀರು ಇತ್ತು.

ಮೂರು ವಾರ ಸುದ್ದಿ ಇರಲಿಲ್ಲ. ಹೋದ ಭಾನುವಾರ ಬೆಳಿಗ್ಗೆ ನಮ್ಮ ಮೆಟ್ಟಿಲ ಕೆಳಗೆ ಯಾರೋ ನನ್ನ ಹೆಸರು ಹಿಡಿದು ವಿಚಾರಿಸುವುದು ಕೇಳಿಸಿತು. ರಫಿಯಾ ಬೇಗಂ, ಜೊತೆಗೆ ಅವರ ತಂಗಿ. ಕಲಬುರಗಿಯಿಂದಾಚೆ ಗಂಡಸರಿಲ್ಲದೆ ಅವರು ರೈಲು ಹತ್ತಿದ್ದು ಅದೇ ಮೊದಲಂತೆ. ಬಂದವರೇ ಬಟುವನ್ನೂ ಪಾನ್‌ದಾನ್ ಅನ್ನೂ ನನ್ನ ಮುಂದಿಟ್ಟರು. ನಾನು ಹೆದರಿದ್ದು ಸರಿಯಾಗಿತ್ತು, ಪಾನ್‌ದಾನ್‌ನ ಕಾರ್ಡಿಗೆ ಸುಣ್ಣ ಹಿಡಿದು ಅದು ತೆರೆಯಲಿಲ್ಲ. ಬಟುವಿನದು ತೆರೆಯಿತು. ತಿಪ್ಪಸಂದ್ರದಲ್ಲಿ ಭಾರದ ಕ್ಯಾಮೆರಾ ಆರಿಸಿದ್ದು ಸಾರ್ಥಕವಾಯಿತು.

ದಿನವಿಡೀ ಕುಳಿತು ಆರಿಸಿದರು. ಅಮ್ಮಿ ಚಹಾ ಕೊಡುತ್ತಾ, ನೋಡದವರ ಹಾಗೆ ಎಲ್ಲವನ್ನೂ ನೋಡಿದರು. "ಇವಳು ಕೇಳಿದ್ರೆ ಬೇಡ ಅಂತಾಳೆ, ತೆಗಿ" ಎಂದು ರಫಿಯಾ ಬೇಗಂ ಹೇಳಿದರೆ ಅಳಿಸುತ್ತಿದ್ದೆ. ಒಂದು ಫೋಟೋ ಬಂದಾಗ ಅವರ ಬೆರಳು ನಿಂತಿತು. ಯಾರೋ ಒಬ್ಬರು ತಲೆಯ ಮೇಲೆ ಸೆರಗಿಲ್ಲದೆ, ಬಾಯಿ ತುಂಬ ಸಿಹಿ ಇಟ್ಟುಕೊಂಡು ನಗುತ್ತಿದ್ದಾರೆ. ತೆಗೆದಾಗ ಅವರು ಯಾರೆಂದು ನನಗೆ ಗೊತ್ತಿರಲಿಲ್ಲ. ಚಾಚಾ ಅವರ ಹೆಂಡತಿಯಂತೆ. ಅಂದು ನಾವು ಹೊರಟಮೇಲೆ ಅವರೇ ಗಂಡನ ಎದುರು ನಿಂತು "ಆ ಕಾರ್ಡ್‌ನಲ್ಲಿ ನಾನೂ ಇದ್ದೀನಿ, ನನ್ನನ್ನೂ ದುಬೈಗೆ ಕಳಿಸ್ತಿದ್ರಾ?" ಎಂದು ಕೇಳಿದರಂತೆ. ಚಾಚಾಗೆ ಅದು ಹೊಳೆದೇ ಇರಲಿಲ್ಲ. ಊಟ ಮಾಡದೆ ಎದ್ದುಹೋದರು, ಮರುದಿನ ಬಂದು ಅತ್ತಿಗೆಗೆ ಸಲಾಂ ಹೇಳಿ ಕಾರ್ಡಿನ ಮಾತು ಬಿಟ್ಟರು. ಈ ಸಲ ರೈಲಿನ ಟಿಕೆಟ್ ಮಾಡಿಸಿಕೊಟ್ಟವರೂ ಅವರೇ. "ಇದೊಂದನ್ನ ಅಳಿಸಬೇಡ, ಕಾಗದದ ಮೇಲೆ ತೆಗೆದುಕೊಡು, ಅವಳ ಕೈಗೇ ಕೊಡ್ತೀನಿ" ಎಂದರು ರಫಿಯಾ ಬೇಗಂ. ತೆಗೆದುಕೊಟ್ಟೆ. ಒಂದೇ ಪ್ರತಿ.

ನೀನು ಇದ್ದಿದ್ದರೆ ಆ ಫೋಟೋದಲ್ಲಿ ಎಡಗಡೆ ಕಾಣುವ ಕುರ್ಚಿಯನ್ನು ಮೊದಲೇ ಸರಿಸುತ್ತಿದ್ದೆ. ನಾನು ಸರಿಸಲಿಲ್ಲ. ಉಳಿದಂತೆ ಚೆನ್ನಾಗಿ ಬಂದಿದೆ.

ಇಷ್ಟೇ ಸುದ್ದಿ. ದೂಲ್ಹಾಭಾಯ್ ಅವರಿಗೂ ನಿನ್ನ ಅತ್ತೆಯವರಿಗೂ ನಮ್ಮೆಲ್ಲರ ಸಲಾಂ. ಅಮ್ಮಿ ನಿನಗೆ ದುವಾ ಹೇಳಿದ್ದಾರೆ, ಹಲ್ಲಿಗೆ ತಣ್ಣೀರು ಮುಟ್ಟಿಸಬೇಡ ಎಂದೂ ಹೇಳಿದ್ದಾರೆ. ಅಲ್ಲಾಹ್ ನಿನ್ನನ್ನು ನೆಮ್ಮದಿಯಾಗಿ ಇಟ್ಟಿರಲಿ.

ನಿನ್ನ ತಂಗಿ,
ನಾಜಿಶ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ, ಅಬ್ಬಾ ಪೋಸ್ಟಿಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ರಫಿಯಾ ಬೇಗಂ ಅವರ ತಂಗಿ ಇರುವುದು ಹೈದರಾಬಾದಿನಲ್ಲಿ, ನಿಮ್ಮ ಟೋಲಿಚೌಕಿಯಲ್ಲೇ. ಜನವರಿಯಲ್ಲಿ ಅವರ ಮಗಳ ಮದುವೆ, ಮನೆ ತುಂಬ ಹೆಂಗಸರು, ಫೋಟೋ ತೆಗೆಯಲು ಇಬ್ಬರು ಬೇಕಂತೆ. ಇನ್ನೊಬ್ಬರು ನನ್ನ ಅಕ್ಕ, ಕೇಳಿ ಹೇಳುತ್ತೇನೆ ಎಂದಿದ್ದೇನೆ. ಮೊನ್ನೆ ನಿನ್ನ ಅತ್ತೆಯವರಿಗೆ ನಾನೇ ಫೋನ್ ಮಾಡಿದೆ. ಮದುವೆಯಾದಮೇಲೂ ನೀನು ಕೆಲಸಕ್ಕೆ ಮರಳದಂತೆ ತಡೆದವರು ಅವರೇ ಎಂದು ಅಮ್ಮಿ ಇಷ್ಟು ದಿನ ತಿಳಿದಿದ್ದರು. ನಿನ್ನ ಅತ್ತೆಯವರೋ ನಾವೇ ಬಿಡಿಸಿ ಕಳಿಸಿದೆವು ಎಂದು ತಿಳಿದಿದ್ದರು. "ಯಾರ ಮನೆಗೆ ಕರ್ಕೊಂಡು ಹೋದ್ರೂ ಅವಳು ಮೊದಲು ಕಿಟಕಿ ಎಲ್ಲಿದೆ ಅಂತ ನೋಡ್ತಾಳೆ. ಸೆಖೆ ಆಗುತ್ತೇನೋ ಅಂತ ನಾನು ಫ್ಯಾನ್ ಹಾಕಿಸ್ತಿದ್ದೆ" ಎಂದರು. ನೀನು ಹುಡುಕುವುದು ಫೋಟೋಗೆ ಬೇಕಾದ ಬೆಳಕನ್ನು ಎಂದು ನಾನು ಹೇಳಿದೆ. ಆಮೇಲೆ, "ನಮ್ಮ ಕಡೆಯಿಂದ ತಡೆ ಇಲ್ಲ, ಅವಳನ್ನೇ ಕೇಳು" ಎಂದರು. ಅದಕ್ಕೇ ಕೇಳುತ್ತಿದ್ದೇನೆ. ಬರುತ್ತೀಯಾ?